ಅನಿಲದೊಳಗಣ ಪಾದರಸ

ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ರಕ್ಷಕ-ಶಿಕ್ಷಕ ಸಭೆಯು ಮುಗಿದು ಎಲ್ಲರೂ ಕೊಡೆ ಬಿಡಿಸಿಕೊಂಡು ಹೊರಟ ಮೇಲೆ, ಪೋಷಕರೊಬ್ಬರು ಮಾತ್ರ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದರು. ಅವರ ಮಗಳು ನಮ್ಮಲ್ಲಿ ಎಂಟನೆಯ ತರಗತಿಯಲ್ಲಿ ಓದುತ್ತಿರುವಳು. ಅವರಾದರೋ ಕೊಲ್ಲಿಯ ದೇಶವೊಂದರ ಅನಿಲ ಸ್ಥಾವರದಲ್ಲಿ ಫಿಟ್ಟರ್ ಕೆಲಸದಲ್ಲಿದ್ದು, ರಜೆಯ ಮೇಲೆ ಊರಿಗೆ ಬಂದಿದ್ದರು. “ಮಾಸ್ಟ್ರೇ, ಒಂದು ಸಂಶಯ ಉಂಟು” ಎಂದು ಆರಂಭಿಸಿದರು. ಹಿಂದಿನ ವರ್ಷ ಸ್ಥಾವರವನ್ನು ಕೆಲವು ವಾರ ನಿಲ್ಲಿಸಿ, ದೊಡ್ಡ ದೊಡ್ಡ ಉಕ್ಕಿನ ಪಾತ್ರೆಗಳನ್ನು ತೆರೆದು, ಒಳಗಿನ ಕಾಳುಗಳನ್ನು ತೆಗೆದು ಹೊಸತನ್ನು ತುಂಬುವ ಕೆಲಸವಿತ್ತಂತೆ. ಕೆಲಸಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಇವರೆಲ್ಲರ ಮೂತ್ರವನ್ನು ಪರೀಕ್ಷಿಸಿದರಂತೆ. “ಪಾದರಸ ಉಂಟೋ ಅಂತ ನೋಡುವುದಂತೆ. ಗ್ಯಾಸಿಗೂ ಪಾದರಸಕ್ಕೂ ಎಲ್ಲಿಯ ಸಂಬಂಧ? ಕೇಳಿದರೆ, ಕಾಗದಕ್ಕೆ ಸಹಿ ಹಾಕು ಎಂದರು.”

ನಾನು ಬಿ.ಎ. ಮುಗಿಸಿ, ಬಿ.ಟಿ. ಮಾಡಿ ಪಾಠ ಹೇಳಲು ಬಂದವನು. ರಸಾಯನ ಶಾಸ್ತ್ರದಲ್ಲಿ ನನ್ನ ಅಧಿಕಾರವು ಅಷ್ಟಕ್ಕಷ್ಟೆ. ಅಂದು ಬಾಯಿಗೆ ಬಂದಂತೆ ಏನೋ ಹೇಳಿ ಕಳುಹಿಸಲು ಮನಸ್ಸೊಪ್ಪಲಿಲ್ಲ. “ಓದಿ ತಿಳಿದು ಬರೆಯುತ್ತೇನೆ” ಎಂದು ಮಾತು ಕೊಟ್ಟೆನು. ನಮ್ಮ ಈ ಗಡಿನಾಡಿನ ಎಷ್ಟೋ ಮನೆಗಳ ತಂದೆಯರೂ ಅಣ್ಣಂದಿರೂ ಅಂಥ ಕೆಲಸಗಳಲ್ಲಿರುವುದರಿಂದ, ಆ ಉತ್ತರವನ್ನು ವಾರ್ಷಿಕ ಸಂಚಿಕೆಯಲ್ಲಿಯೇ ಬರೆಯುವುದು ಉಚಿತವೆಂದು ತೋರಿತು.

ಅನಿಲವೆಂದೊಡನೆ ನಮಗೆ ಅಡುಗೆಮನೆಯ ಸಿಲಿಂಡರು ನೆನಪಾಗುವುದು ಸಹಜ. ಇಲ್ಲಿ ಹೇಳಹೊರಟಿರುವುದು ಅದಲ್ಲ. ಭೂಗರ್ಭದಿಂದ ಬಾವಿ ಕೊರೆದು ತೆಗೆಯುವ ನೈಸರ್ಗಿಕ ಅನಿಲ. ಅದರ ಬಹುಭಾಗವು ಮಿಥೇನ್. ಅದು ನಮಗೆ ಅಪರಿಚಿತವೂ ಅಲ್ಲ. ೨೦೨೧ನೆಯ ಜನವರಿ ೫ರಂದು ಲೋಕಾರ್ಪಣವಾದ ಕೊಚ್ಚಿ-ಮಂಗಳೂರು ಕೊಳವೆಮಾರ್ಗವು ಸುಮಾರು ೪೫೦ ಕಿಲೋಮೀಟರ್ ಉದ್ದವಾಗಿದ್ದು, ನಮ್ಮ ಕಾಸರಗೋಡು ಜಿಲ್ಲೆಯ ನೆಲದಡಿಯಲ್ಲಿ, ಚಂದ್ರಗಿರಿ ಹೊಳೆಯ ತಳದಡಿಯಲ್ಲಿ ಹಾದುಹೋಗುತ್ತದೆ. ಕೊಚ್ಚಿಯ ಪುದುವೈಪ್ಪಿನಲ್ಲಿ ಹಡಗಿನಿಂದ ಇಳಿಯುವ ಆ ಅನಿಲವು ಕಡಲಾಚೆಯಿಂದ ದ್ರವರೂಪದಲ್ಲಿ ಬರುವುದು. ದ್ರವವಾಗಬೇಕಾದರೆ ಅದನ್ನು ಶೂನ್ಯಕ್ಕಿಂತ ೧೬೨ ಸೆಂಟಿಗ್ರೇಡ್ ಡಿಗ್ರಿ ಕೆಳಗೆ ತಣಿಸಬೇಕು. ಆಗ ಅದರ ಗಾತ್ರವು ಸುಮಾರು ಆರುನೂರರಲ್ಲಿ ಒಂದು ಪಾಲಿಗೆ ಇಳಿದು, ಹಡಗಿನಲ್ಲಿ ತುಂಬಲು ಅನುಕೂಲವಾಗುತ್ತದೆ. ಹೀಗೆ ತಣಿಸುವ ಕಾರ್ಯದಲ್ಲಿಯೇ ಪಾದರಸವು ಶತ್ರುವಾಗಿ ಎದುರಾಗುವುದು.

ಪಾದರಸವು ಅನಿಲದಲ್ಲಿ ಸೇರುವುದು ಹೇಗೆ? ಭೂಮಿಯ ಶಿಲೆಗಳಲ್ಲಿ, ಅದರಲ್ಲಿಯೂ ಕಲ್ಲಿದ್ದಲಿನಲ್ಲಿ, ಪಾದರಸವು ಅತ್ಯಲ್ಪ ಪ್ರಮಾಣದಲ್ಲಿ ಇದ್ದೇ ಇರುವುದು. ಆಳದಲ್ಲಿ ಹೂತುಹೋದ ಆ ಪದರಗಳು ಕೋಟ್ಯಂತರ ವರ್ಷಗಳ ಕಾಲ ಕಾದು ಅನಿಲವನ್ನು ಬಿಟ್ಟುಕೊಡುವಾಗ, ಪಾದರಸವೂ ಆವಿಯಾಗಿ ಅದರ ಜೊತೆ ಹೊರಡುತ್ತದೆ. ಎಲ್ಲ ಲೋಹಗಳಲ್ಲಿ ಸಾಮಾನ್ಯ ಉಷ್ಣಮಾನದಲ್ಲಿ ದ್ರವವಾಗಿರುವುದೂ, ಸುಲಭವಾಗಿ ಆವಿಯಾಗುವುದೂ ಇದೊಂದೇ ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ನೆದರ್ಲೆಂಡ್ಸ್ ದೇಶದ ಗ್ರೋನಿಂಗೆನ್ ಪ್ರಾಂತದಲ್ಲಿ ೧೯೫೯ರಲ್ಲಿ ಒಂದು ಬೃಹತ್ತಾದ ಅನಿಲ ನಿಕ್ಷೇಪ ದೊರೆಯಿತು. ಅಲ್ಲಿಯ ಅನಿಲವು ಹುಟ್ಟಿದ್ದು ಅತಿ ಪ್ರಾಚೀನ ಕಲ್ಲಿದ್ದಲ ಪದರಗಳಲ್ಲಿ. ಆ ಅನಿಲದ ಪ್ರತಿ ಘನಮೀಟರಿನಲ್ಲಿ ಸುಮಾರು ೧೮೦ ಮೈಕ್ರೋಗ್ರಾಂ ಪಾದರಸವಿದ್ದಿತು. ಮೈಕ್ರೋಗ್ರಾಮೆಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಅಂಶ. ಬಾವಿಯಿಂದ ಬಂದ ಅನಿಲವನ್ನು ತಣಿಸಿ ನೀರನ್ನು ಬೇರ್ಪಡಿಸುವ ಪಾತ್ರೆಗಳ ತಳದಲ್ಲಿ ಬೆಳ್ಳಗೆ ಹೊಳೆಯುವ ದ್ರವವು ಕೂಡಿಕೊಳ್ಳುತ್ತಿತ್ತು. ಉತ್ತರ ಜರ್ಮನಿಯ ಕೆಲವು ಬಾವಿಗಳಲ್ಲಿ ಇದಕ್ಕಿಂತಲೂ ಹೆಚ್ಚು. ಥಾಯ್‌ಲೆಂಡ್ ಕೊಲ್ಲಿಯಲ್ಲಿಯೂ ಪಾದರಸ ಉಂಟು. ಕೆಲವು ಕಡೆ ಇಲ್ಲವೆನ್ನುವಷ್ಟು ಕಡಮೆ.

ಮಕ್ಕಳೇ, ಇಲ್ಲಿ ಒಂದು ಲೆಕ್ಕವನ್ನು ಮಾಡಿರಿ. ಒಂದು ಸ್ಥಾವರವು ದಿನಕ್ಕೆ ಒಂದು ಕೋಟಿ ಘನಮೀಟರ್ ಅನಿಲವನ್ನು ಸಂಸ್ಕರಿಸುವುದೆಂದಿಟ್ಟುಕೊಳ್ಳಿ. ಘನಮೀಟರಿಗೆ ೧೦೦ ಮೈಕ್ರೋಗ್ರಾಂ ಪಾದರಸವಿದ್ದರೆ ದಿನಕ್ಕೆಷ್ಟಾಯಿತು? ಸರಿಯಾಗಿ ಒಂದು ಕಿಲೋಗ್ರಾಂ. ವರ್ಷಕ್ಕೆ ೩೬೫ ಕಿಲೋ. ಪಾದರಸವು ನೀರಿಗಿಂತ ಹದಿಮೂರೂವರೆ ಪಾಲು ಭಾರವಾದುದರಿಂದ ಅದರ ಗಾತ್ರವು ೨೭ ಲೀಟರ್, ಅಂದರೆ ಎರಡು ಕೊಡಗಳಷ್ಟು. ಅಳತೆಗೆ ಸಿಕ್ಕದಂಥ ಅಲ್ಪವು ಒಂದು ವರ್ಷದಲ್ಲಿ ಇಬ್ಬರು ಹೊರುವಷ್ಟಲ್ಲ, ಆರೇಳು ಮಂದಿ ಹೊರುವಷ್ಟಾಯಿತು!

ಇನ್ನು ಶತ್ರುತ್ವದ ವಿಷಯ. ಅತಿಶೀತದಲ್ಲಿ ಸಾಮಾನ್ಯ ಉಕ್ಕು ಗಾಜಿನಂತೆ ಪೆಡಸಾಗಿ ಒಡೆಯುವುದು. ಅಲ್ಯೂಮಿನಿಯಂ ಹಾಗಲ್ಲ, ಎಷ್ಟು ತಣಿಸಿದರೂ ಗಟ್ಟಿತನವನ್ನು ಬಿಡದು, ಶಾಖವನ್ನು ಬೇಗ ಸಾಗಿಸುವುದು, ಹಗುರವೂ ಹೌದು. ಆದುದರಿಂದ ಅನಿಲವನ್ನು ದ್ರವವಾಗಿಸುವ ಉಷ್ಣ ವಿನಿಮಯಕಗಳನ್ನು ಅಲ್ಯೂಮಿನಿಯಮಿನಿಂದಲೇ ಕಟ್ಟುವರು. ಆದರೆ ಪಾದರಸಕ್ಕೆ ಅತ್ಯಂತ ಪ್ರಿಯವಾದ ಆಹಾರಗಳಲ್ಲಿ ಅಲ್ಯೂಮಿನಿಯಮೂ ಒಂದು.

ಇದನ್ನು ನಾನು ಪುಸ್ತಕದಲ್ಲಿ ಓದುವುದಕ್ಕಿಂತ ಬಹಳ ಮೊದಲೇ ಕಣ್ಣಾರೆ ಕಂಡಿದ್ದೆನು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಪ್ರಯೋಗಶಾಲೆಯ ವಾಯುಭಾರಮಾಪಕವು ಒಡೆದು ಪಾದರಸವು ಮೇಜಿನ ಮೇಲೆಲ್ಲ ಉರುಳಿತು. ಅಧ್ಯಾಪಕರು ಬರುವುದರೊಳಗೆ ನಾವು ನಾಲ್ವರು ಅದನ್ನು ಅಂಗೈಯಲ್ಲಿ ಹೊರಳಿಸಿ, ಗುಂಡುಗಳನ್ನು ಕೂಡಿಸಿ ಬಿಡಿಸಿ ಆಡಿದೆವು. ನಾನು ಒಂದು ಹನಿಯನ್ನು ನನ್ನ ಬುತ್ತಿಯ ಡಬ್ಬದ ಮುಚ್ಚಳದಲ್ಲಿ ಅಡಗಿಸಿಕೊಂಡೆನು. ಅಲ್ಯೂಮಿನಿಯಮಿನ ಹಳೆಯ ಡಬ್ಬ. ತಿಕ್ಕಿ ತಿಕ್ಕಿ ಗೀರುಬಿದ್ದದ್ದು. ಸಂಜೆ ಮನೆಯಲ್ಲಿ ತೆರೆದು ನೋಡಿದಾಗ ಹನಿಯ ಸುತ್ತಲೂ ಬೆಳ್ಳಗಿನ ಬೂಷ್ಟಿನಂಥ, ಹತ್ತಿಯ ಎಳೆಯಂಥ ವಸ್ತುವು ಬೆಳೆದು ನಿಂತಿತ್ತು, ಮುಟ್ಟಿದರೆ ಬಿಸಿ. ಮರುದಿನ ಮುಚ್ಚಳದಲ್ಲಿ ತೂತು. ಅಮ್ಮನಿಂದ ಬೈಗುಳವು ದೊರೆಯಿತು, ಆದರೆ ಕಾರಣವನ್ನು ಯಾರೂ ಹೇಳಲಿಲ್ಲ. ಆ ಆಟವು ಎಷ್ಟು ಅಪಾಯದ್ದೆಂಬುದನ್ನು ಮುಂದೆ ಹೇಳುವೆನು. ಯಾರೂ ಅದನ್ನು ಮಾಡಿ ನೋಡಲಾಗದು.

ಕಾರಣವು ಇದು. ಅಲ್ಯೂಮಿನಿಯಂ ಸ್ವಭಾವತಃ ನೀರಿನೊಡನೆಯೂ ಗಾಳಿಯೊಡನೆಯೂ ಬಹಳ ಬೇಗ ಕೂಡುವ ಲೋಹ. ಆದರೂ ನಮ್ಮ ಪಾತ್ರೆಗಳು ಬಾಳುವುದು ಅದರ ಮೈಮೇಲೆ ತಾನಾಗಿ ಹುಟ್ಟುವ ತೆಳ್ಳನೆಯ ಆಕ್ಸೈಡಿನ ಪೊರೆಯಿಂದ. ಆ ಪೊರೆಯು ಎಲ್ಲಿಯಾದರೂ ಹರಿದಿದ್ದರೆ ಪಾದರಸವು ಒಳಸೇರಿ ಅಲ್ಯೂಮಿನಿಯಮನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ಕರಗಿದ ಲೋಹವು ನೀರಿನ ಪಸೆಯೊಡನೆ ಕೂಡಿ ಬಿಳಿಯ ಹೈಡ್ರಾಕ್ಸೈಡ್ ಆಗುವುದು, ಜಲಜನಕವು ಹೊರಡುವುದು. ಪಾದರಸವಾದರೋ ಖರ್ಚಾಗುವುದೇ ಇಲ್ಲ! ಬಿಡುಗಡೆ ಹೊಂದಿ ಮತ್ತೆ ಮುಂದಿನ ಅಲ್ಯೂಮಿನಿಯಮಿಗೆ ಬಾಯಿ ಹಾಕುವುದು. ಇದಕ್ಕಿಂತ ಕಪಟವಾದ ಇನ್ನೊಂದು ಬಗೆಯೂ ಉಂಟು. ಲೋಹವು ಸೂಕ್ಷ್ಮವಾದ ಕಣಗಳ ಜೋಡಣೆಯಷ್ಟೆ. ಬಿಗಿತಕ್ಕೆ ಒಳಗಾದ ಲೋಹದಲ್ಲಿ ಪಾದರಸವು ಆ ಕಣಗಳ ಸಂದಿನಲ್ಲಿ ನುಗ್ಗಿದರೆ, ನೀರಿನ ಸಹಾಯವೂ ಬೇಡ, ಹೊರಗೆ ಯಾವ ಗುರುತೂ ಕಾಣದು; ಒಂದು ದಿನ ಲೋಹವು ಫಕ್ಕನೆ ಸೀಳಿಬಿಡುವುದು.

ಆಲ್ಜೀರಿಯ ದೇಶದ ಸ್ಕಿಕ್ದಾ ಎಂಬ ಬಂದರಿನಲ್ಲಿ ಅನಿಲವನ್ನು ದ್ರವವಾಗಿಸುವ ಸ್ಥಾವರವೊಂದಿದೆ. ೧೯೭೩ರಲ್ಲಿ ಅಲ್ಲಿಯ ಅಲ್ಯೂಮಿನಿಯಂ ವಿನಿಮಯಕವು ಹಾಳಾಗಿಹೋಯಿತು. ತನಿಖೆ ನಡೆದಾಗ ಅಪರಾಧಿಯು ಪಾದರಸವೆಂದು ಗೊತ್ತಾಯಿತು. ಅದುವರೆಗೆ ಅನಿಲದಲ್ಲಿ ಇಷ್ಟು ಅಲ್ಪವಾದ ಪಾದರಸವು ಅಷ್ಟು ದೊಡ್ಡ ಯಂತ್ರವನ್ನು ಕೆಡಿಸೀತೆಂದು ಉದ್ಯಮದವರು ಭಾವಿಸಿರಲಿಲ್ಲ. ಅಲ್ಲಿಂದೀಚೆಗೆ ಅನಿಲವನ್ನು ತಣಿಸುವ ಮೊದಲು ಪಾದರಸವನ್ನು ಹಿಡಿದುಹಾಕುವುದು ಒಂದು ಶಾಸ್ತ್ರವೇ ಆಗಿ ಬೆಳೆಯಿತು. ಆದರೂ ತಪ್ಪು ನಡೆಯದಿರಲಿಲ್ಲ. ದಕ್ಷಿಣ ಆಸ್ಟ್ರೇಲಿಯದ ಮರುಭೂಮಿಯಲ್ಲಿರುವ ಮೂಂಬಾ ಎಂಬಲ್ಲಿ ೨೦೦೪ನೆಯ ಜನವರಿ ೧ರಂದು ವಿನಿಮಯಕದ ಒಂದು ಮೂತಿಯು ಇದೇ ಕಾರಣದಿಂದ ಸೀಳಿ, ಅನಿಲವು ಸೋರಿ ಸ್ಫೋಟವಾಯಿತು. ಹೊಸವರ್ಷದ ದಿನವೇ ದೂರದ ಪಟ್ಟಣಗಳ ಅನಿಲ ಪೂರೈಕೆಯು ಕುಂಠಿತವಾಯಿತು.

ಗಮನಿಸತಕ್ಕ ಸಂಗತಿಯೊಂದಿದೆ. ಪಾದರಸವು ಶೂನ್ಯಕ್ಕಿಂತ ಸುಮಾರು ೩೯ ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಸ್ಥಾವರವು ನಡೆಯುತ್ತಿರುವಾಗ ಅತಿಶೀತದ ಭಾಗದಲ್ಲಿ ಅದು ಕಲ್ಲಿನಂತೆ ಘನವಾಗಿ, ಯಾರಿಗೂ ಕೇಡು ಮಾಡದೆ ಮಲಗಿರುವುದು. ಸ್ಥಾವರವನ್ನು ನಿಲ್ಲಿಸಿ ಬೆಚ್ಚಗಾಗಲು ಬಿಟ್ಟಾಗ ಕರಗಿ, ಹರಿದು, ತಗ್ಗಿನ ಮೂಲೆಗಳಲ್ಲಿ ಕೂಡುವುದು. ಅಂದರೆ ಕೇಡಿನ ಕಾಲವು ಯಂತ್ರವು ವಿಶ್ರಾಂತಿಯಲ್ಲಿರುವ ಕಾಲ. ನಮ್ಮ ಫಿಟ್ಟರ್ ಮಹಾಶಯರು ಪಾನ ಹಿಡಿದು ಒಳಗೆ ಇಳಿಯುವುದೂ ಅದೇ ಕಾಲ.

ಪಾದರಸವನ್ನು ಹಿಡಿಯುವುದು ಹೇಗೆ? ಇದಕ್ಕೆ ಉತ್ತರವು ನಮ್ಮ ಹಿರಿಯರಿಗೆ ಬೇರೊಂದು ದಾರಿಯಿಂದ ತಿಳಿದಿತ್ತು. ನಮ್ಮ ದೇಶದ ರಸವೈದ್ಯರು ಪಾದರಸವನ್ನೂ ಗಂಧಕವನ್ನೂ ಕಲ್ವದಲ್ಲಿ ಹಾಕಿ ಅರೆಯುತ್ತಿದ್ದರು. ಅರೆದಂತೆ ಹೊಳಪು ಹೋಗಿ, ಓಡಾಟ ನಿಂತು, ಕಾಡಿಗೆಯಂಥ ಕರಿಯ ಪುಡಿಯಾಗುವುದು. ಅದಕ್ಕೆ ಕಜ್ಜಳಿಯೆಂದು ಹೆಸರು. ನೆಲದಲ್ಲಿ ಸ್ವಾಭಾವಿಕವಾಗಿ ದೊರೆಯುವ ಕೆಂಪು ಇಂಗಳೀಕವೂ ಪಾದರಸ ಮತ್ತು ಗಂಧಕಗಳ ಸಂಯೋಗವೇ. ಅಂಥ ಔಷಧಗಳ ಗುಣದೋಷವನ್ನು ಇಲ್ಲಿ ಚರ್ಚಿಸುವುದಿಲ್ಲ. ನಮಗೆ ಬೇಕಾದುದು ಒಂದೇ ಅಂಶ — ಗಂಧಕವನ್ನು ಕಂಡರೆ ಪಾದರಸವು ಅಂಟಿಕೊಳ್ಳುವುದು, ಅಂಟಿದ ಮೇಲೆ ಸುಲಭವಾಗಿ ಆವಿಯಾಗದು.

ಅನಿಲ ಸ್ಥಾವರದ ಉಪಾಯವೂ ಅದೇ. ಕಲ್ಲಿದ್ದಲಿನಿಂದಲೋ ತೆಂಗಿನ ಗೆರಟೆಯಿಂದಲೋ ಮಾಡಿದ, ವಿಶೇಷವಾಗಿ ಸಂಸ್ಕರಿಸಿ ಪಟುಗೊಳಿಸಿದ ಇದ್ದಲಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳಿರುವುವು. ಒಂದು ಗ್ರಾಂ ಇದ್ದಲಿನ ರಂಧ್ರಗಳ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರಿನ ಆಸುಪಾಸಿಗೆ ಬರುವುದೆನ್ನುವರು. ನಮ್ಮ ಊರಿನ ಲೆಕ್ಕದಲ್ಲಿ ಇಪ್ಪತ್ತೈದು ಸೆಂಟ್ಸ್ ಜಾಗ! ಆ ರಂಧ್ರಗಳಿಗೆಲ್ಲ ಗಂಧಕವನ್ನು ಸವರಿ, ಎತ್ತರವಾದ ಉಕ್ಕಿನ ಪಾತ್ರೆಯಲ್ಲಿ ತುಂಬಿ, ಅನಿಲವನ್ನು ಅದರ ಮೂಲಕ ಹಾಯಿಸುವರು. ಪಾದರಸವು ಒಳಗೇ ಸಲ್ಫೈಡಾಗಿ ಉಳಿಯುವುದು, ಅನಿಲವು ಶುದ್ಧವಾಗಿ ಹೊರಡುವುದು. ಆದರೆ ಅನಿಲದಲ್ಲಿ ನೀರಿನ ಪಸೆಯಿದ್ದರೆ ಇದ್ದಲಿನ ರಂಧ್ರಗಳು ನೀರಿನಿಂದಲೇ ಮುಚ್ಚಿಹೋಗುವುವು. ಆದುದರಿಂದ ಹಸಿ ಅನಿಲಕ್ಕೆ ತಾಮ್ರದ ಸಲ್ಫೈಡನ್ನು ಹೊತ್ತ ಅಲ್ಯೂಮಿನಾ ಕಾಳುಗಳನ್ನು ಬಳಸುವರು; ತಾಮ್ರದ ಕೈಯಲ್ಲಿದ್ದ ಗಂಧಕವನ್ನು ಪಾದರಸವು ಕಸಿದುಕೊಳ್ಳುತ್ತದೆ. ಬೆಳ್ಳಿಯನ್ನು ಸವರಿದ ಕಾಳುಗಳೂ ಉಂಟು. ಪಾದರಸವು ಬೆಳ್ಳಿಯಲ್ಲಿ ಬೆರೆಯುವುದೆಂಬುದನ್ನು ಅಕ್ಕಸಾಲಿಗರು ಬಲ್ಲರು. ಈ ಕಾಳುಗಳನ್ನು ಕಾಯಿಸಿದರೆ ಪಾದರಸವು ಹೊರಟುಹೋಗಿ, ಅವು ಮತ್ತೆ ಕೆಲಸಕ್ಕೆ ಬರುವುವು.

ಹಿಂದೆ ಇಂಥ ಪಾತ್ರೆಯನ್ನು ಅನಿಲವನ್ನು ಒಣಗಿಸಿದ ಮೇಲೆ, ತಣಿಸುವುದಕ್ಕೆ ಸ್ವಲ್ಪ ಮುಂಚೆ ಇಡುತ್ತಿದ್ದರು. ಯಂತ್ರವನ್ನು ಉಳಿಸಲು ಅಷ್ಟು ಸಾಕು. ಆದರೆ ಅಲ್ಲಿಗೆ ಬರುವುದರೊಳಗೆ ಪಾದರಸವು ದಾರಿಯ ಎಲ್ಲ ಪಾತ್ರೆಗಳಲ್ಲಿಯೂ ಕೊಳವೆಗಳಲ್ಲಿಯೂ ಹಂಚಿಹೋಗಿರುವುದು. ಶುದ್ಧಿಕಾರಕ ದ್ರವಗಳಲ್ಲಿ ಬೆರೆತು, ಅವುಗಳನ್ನು ಕಾಯಿಸಿದಾಗ ಗಾಳಿಗೂ ಸೇರುವುದು. ಈಗ ಸಾಧ್ಯವಾದ ಕಡೆಗಳಲ್ಲಿ ಹೊಸ್ತಿಲಲ್ಲಿಯೇ, ಅಂದರೆ ಅನಿಲವು ಸ್ಥಾವರವನ್ನು ಪ್ರವೇಶಿಸುವಲ್ಲಿಯೇ, ಹಿಡಿಯುವ ಪದ್ಧತಿಯು ಬಂದಿದೆ. ಖರ್ಚು ಹೆಚ್ಚು, ಆದರೂ ನನ್ನ ಮನಸ್ಸಿಗೆ ಒಪ್ಪಿದ್ದು ಇದೇ. ಮೊದಲನೆಯದು ಯಂತ್ರವನ್ನಷ್ಟೇ ಕಾಯುವುದು, ಎರಡನೆಯದು ಮನುಷ್ಯನನ್ನೂ ಕಾಯುವುದು. ಅಲ್ಯೂಮಿನಿಯಂ ವಿನಿಮಯಕಕ್ಕೆ ಹೋಗುವ ಅನಿಲದಲ್ಲಿ ಘನಮೀಟರಿಗೆ ಮೈಕ್ರೋಗ್ರಾಮಿನ ನೂರರಲ್ಲೊಂದು ಅಂಶಕ್ಕಿಂತ ಹೆಚ್ಚು ಪಾದರಸವಿರಬಾರದೆಂಬುದು ರೂಢಿಯ ಕಟ್ಟಳೆ. ಮೇಲಿನ ಲೆಕ್ಕದ ಸ್ಥಾವರದಲ್ಲಿ ಅದು ದಿನಕ್ಕೆ ಗ್ರಾಮಿನ ಹತ್ತರಲ್ಲೊಂದು ಪಾಲು.

ಈಗ ನಮ್ಮ ಪೋಷಕರ ಪ್ರಶ್ನೆಗೆ ಬರೋಣ. ಮೂತ್ರ ಪರೀಕ್ಷೆಯೇಕೆ? ಪಾದರಸದ ದ್ರವವನ್ನು ನುಂಗಿದರೆ ಅದರ ಬಹುಭಾಗವು ಹಾಗೆಯೇ ಹೊರಹೋಗುವುದು. ಆವಿಯನ್ನು ಉಸಿರಾಡಿದರೆ ಹಾಗಲ್ಲ. ಒಳಗೆಳೆದ ಆವಿಯ ನೂರರಲ್ಲಿ ಎಂಬತ್ತು ಪಾಲು ಶ್ವಾಸಕೋಶದಿಂದ ರಕ್ತಕ್ಕೆ ಸೇರಿ, ಮಿದುಳನ್ನೂ ಮೂತ್ರಪಿಂಡವನ್ನೂ ತಲುಪುವುದು. ಕೈನಡುಕ, ನಿದ್ರಾಭಂಗ, ಅಕಾರಣವಾದ ಸಿಡುಕು, ಮರೆವು, ಒಸಡಿನ ಬಾವು ಇವು ಅದರ ಲಕ್ಷಣಗಳು. ದೇಹವು ಅದನ್ನು ಹೊರಹಾಕುವ ಒಂದು ದಾರಿಯು ಮೂತ್ರವಾದುದರಿಂದ ಅಲ್ಲಿ ಅಳೆದು ನೋಡುವರು. ಕೆಲಸಕ್ಕೆ ಮೊದಲು ಇದ್ದುದೆಷ್ಟು, ಅನಂತರ ಏರಿದ್ದೆಷ್ಟು ಎಂಬುದು ಹಾಗೆ ಗೊತ್ತಾಗುವುದು. ಆ ಅಂಕಿಗಳನ್ನು ಕೇಳಿ ಪಡೆದುಕೊಳ್ಳಬೇಕು. ಕಾಗದಕ್ಕೆ ಸಹಿ ಹಾಕಿದವನಿಗೆ ಅದನ್ನು ಓದುವ ಹಕ್ಕೂ ಇರಬೇಡವೇ?

ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಎಂಟು ಗಂಟೆ ದುಡಿಯುವವನು ಉಸಿರಾಡುವ ಗಾಳಿಯಲ್ಲಿ ಘನಮೀಟರಿಗೆ ೨೫ ಮೈಕ್ರೋಗ್ರಾಮಿಗಿಂತ ಹೆಚ್ಚು ಇರಬಾರದೆಂದು ತಜ್ಞರು ಮಿತಿಯನ್ನು ಹಾಕಿರುವರು. ಆದರೆ ೨೦ ಡಿಗ್ರಿಯ ಶಾಖದಲ್ಲಿ ಮುಚ್ಚಿದ ಪಾತ್ರೆಯೊಳಗೆ ಪಾದರಸವು ನಿಂತಿದ್ದರೆ ಗಾಳಿಯಲ್ಲಿ ಸುಮಾರು ೧೩,೦೦೦ ಮೈಕ್ರೋಗ್ರಾಂ ತುಂಬಬಲ್ಲುದು. ಮಿತಿಗಿಂತ ಐನೂರು ಪಾಲು ಹೆಚ್ಚು. ಕೊಲ್ಲಿಯ ಬಿಸಿಲಿನಲ್ಲಿ ಅದು ಇನ್ನೂ ಏರುವುದು. ಕಣ್ಣಿಗೆ ಒಂದು ಹನಿಯೂ ಕಾಣದ ಪಾತ್ರೆಯೆಂದು ನಂಬುವಂತೆಯೂ ಇಲ್ಲ. ಉಕ್ಕಿನ ಒಳಮೈಯೂ ಅದರ ಮೇಲಿನ ತುಕ್ಕಿನ ಪದರವೂ ಪಾದರಸವನ್ನು ಹೀರಿಕೊಂಡಿರುವುವು. ಅಂಥ ಕೊಳವೆಯನ್ನು ಬೆಂಕಿಯಿಂದ ಕತ್ತರಿಸಿದರೆ, ಬೆಸೆದರೆ, ಅಡಗಿದ್ದುದೆಲ್ಲ ಒಮ್ಮೆಗೇ ಆವಿಯಾಗಿ ಮುಖಕ್ಕೆ ಬರುವುದು. ಆದುದರಿಂದ ಮೊದಲು ಅಳೆಯುವ ಉಪಕರಣವು ಒಳಗೆ ಹೋಗಬೇಕು, ಅನಂತರ ಮನುಷ್ಯನು. ಧೂಳನ್ನು ತಡೆಯುವ ಬಟ್ಟೆಯ ಮುಖಗವಸು ಇದಕ್ಕೆ ಏನೂ ಸಾಲದು. ಪಾದರಸದ ಆವಿಗೆಂದೇ ಗುರುತು ಹಾಕಿದ ಗಾಳಿಸೋಸುಕವಿರುವ ಮುಖವಾಡವೇ ಆಗಬೇಕು. ಕೆಲಸದ ಬಟ್ಟೆಯನ್ನೂ ಬೂಟನ್ನೂ ಮಲಗುವ ಕೋಣೆಗೆ ತರಲಾಗದು. ಅಂದು ಅವರು, “ನಮ್ಮ ಕೋಣೆಯಲ್ಲಿ ಎಂಟು ಮಂದಿ, ಬೂಟು ಮಂಚದ ಅಡಿಯಲ್ಲಿ” ಎಂದಿದ್ದರು. ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

ಇಲ್ಲಿ ಮನೆಯವರಿಗೂ ಒಂದು ಮಾತು. ಹಳೆಯ ಜ್ವರಮಾಪಕವು ಒಡೆದರೆ ಪೊರಕೆಯಿಂದ ಗುಡಿಸಬೇಡಿರಿ. ಗುಡಿಸಿದರೆ ಒಂದು ಹನಿಯು ಸಾವಿರವಾಗಿ ಸಂದಿಗಳನ್ನು ಸೇರುವುದು. ಕಿಟಕಿಗಳನ್ನು ತೆರೆದು, ಮಕ್ಕಳನ್ನು ಹೊರಗೆ ಕಳುಹಿಸಿ, ದಪ್ಪ ಕಾಗದದಿಂದ ಹನಿಗಳನ್ನು ಕೂಡಿಸಿ, ಬಿಗಿಯಾದ ಮುಚ್ಚಳದ ಶೀಶೆಗೆ ತುಂಬಿಡಿರಿ. ಉಳಿದ ಸಂದುಗಳಿಗೆ ಗಂಧಕದ ಪುಡಿಯನ್ನು ಚೆಲ್ಲಬಹುದು. ಚರಂಡಿಗೆ ಮಾತ್ರ ಎಂದಿಗೂ ಸುರಿಯಲಾಗದು.

ಚರಂಡಿಗೆ ಏಕೆ ಬೇಡವೆಂಬುದಕ್ಕೆ ಜಪಾನಿನ ಮಿನಮಾತಾ ಎಂಬ ಕಡಲೂರು ಸಾಕ್ಷಿ. ಅಲ್ಲಿಯದು ಅನಿಲ ಸ್ಥಾವರವಲ್ಲ, ರಸಾಯನ ಕಾರ್ಖಾನೆ. ಅದರ ಹೊಲಸು ನೀರಿನಲ್ಲಿದ್ದ ಮಿಥೈಲ್ ಪಾದರಸವು ಕೊಲ್ಲಿಯ ಮೀನುಗಳಲ್ಲಿ ಸೇರಿ, ಮೀನು ತಿಂದ ಬೆಸ್ತರ ಕುಟುಂಬಗಳನ್ನು ನರರೋಗದಿಂದ ನರಳಿಸಿತು. ೧೯೫೬ರಲ್ಲಿ ಆ ರೋಗವನ್ನು ಅಧಿಕೃತವಾಗಿ ಗುರುತಿಸಿದರು. ಸಾಮಾನ್ಯ ಪಾದರಸವನ್ನೂ ಕೆಸರಿನಲ್ಲಿಯ ಸೂಕ್ಷ್ಮಜೀವಿಗಳು ಅದೇ ವಿಷವನ್ನಾಗಿ ಮಾರ್ಪಡಿಸಬಲ್ಲವು. ಆ ಊರಿನ ಹೆಸರಿನಲ್ಲಿಯೇ ೨೦೧೩ರಲ್ಲಿ ರಾಷ್ಟ್ರಗಳು ಒಂದು ಒಪ್ಪಂದವನ್ನು ಮಾಡಿಕೊಂಡವು. ಅದು ೨೦೧೭ರಲ್ಲಿ ಜಾರಿಗೆ ಬಂದಿತು, ೨೦೧೮ರಲ್ಲಿ ಭಾರತವೂ ಅದನ್ನು ಅನುಮೋದಿಸಿತು. ಮೀನು ನಿತ್ಯದ ಆಹಾರವಾಗಿರುವ ನಮ್ಮ ಕರಾವಳಿಯವರಿಗೆ ಇದು ದೂರದ ಸುದ್ದಿಯಲ್ಲ.

ಕೊನೆಯಲ್ಲಿ ಅವರು ಕೇಳಿದ ಇನ್ನೊಂದು ಪ್ರಶ್ನೆ ಉಳಿದಿದೆ: “ನಾವು ತೆಗೆದು ಪೀಪಾಯಿಗೆ ತುಂಬಿದ ಆ ಕಾಳುಗಳು ಎಲ್ಲಿಗೆ ಹೋಗುತ್ತವೆ?” ಬಳಸಿದ ಕಾಳುಗಳು ಗಾಳಿ ತಗಲಿದರೆ ತಾವಾಗಿ ಕಾವೇರುವ ಸಂಭವವಿರುವುದರಿಂದ ನೈಟ್ರೋಜನ್ ಅನಿಲದ ಹೊದಿಕೆಯಲ್ಲಿ ತೆಗೆದು, ಬಿಗಿದ ಪೀಪಾಯಿಗಳಲ್ಲಿ ತುಂಬುವರು. ಅವನ್ನು ವಿಶೇಷ ಕಾರ್ಖಾನೆಗಳಿಗೆ ಸಾಗಿಸಿ, ನಿರ್ವಾತದ ಒಲೆಗಳಲ್ಲಿ ಕಾಯಿಸಿ ಪಾದರಸವನ್ನು ಬಟ್ಟಿಯಿಳಿಸುವರು. ತಾಮ್ರವಿದ್ದರೆ ಅದು ತಾಮ್ರದ ಕುಲುಮೆಗೆ ಹೋಗಬಹುದು. ಹಾಗೆ ದೊರೆತ ಪಾದರಸವನ್ನು ಮೊದಲು ಮಾರುತ್ತಿದ್ದರು. ಯುರೋಪಿನ ಒಕ್ಕೂಟವು ೨೦೧೧ನೆಯ ಮಾರ್ಚ್ ೧೫ರಿಂದ ಪಾದರಸದ ರಫ್ತನ್ನು ನಿಷೇಧಿಸಿ, ನೈಸರ್ಗಿಕ ಅನಿಲದ ಶುದ್ಧಿಯಿಂದ ಬಂದ ಪಾದರಸವನ್ನು ಸರಕೆಂದಲ್ಲ, ತ್ಯಾಜ್ಯವೆಂದೇ ಎಣಿಸಬೇಕೆಂದು ವಿಧಿಸಿತು. ಅಲ್ಲಿ ಅದನ್ನು ಗಂಧಕದೊಡನೆ ಕೂಡಿಸಿ ಇಂಗಳೀಕದ ಪುಡಿಯನ್ನಾಗಿ ಮಾಡಿ, ನೀರು ಸೋಂಕದ ಆಳವಾದ ಉಪ್ಪಿನ ಗಣಿಗಳಲ್ಲಿ ಇಡುತ್ತಾರೆ. ಅವರ ಸ್ಥಾವರದ ಪೀಪಾಯಿಗಳು ಯಾವ ದಾರಿ ಹಿಡಿದವೆಂಬುದನ್ನು ಅಲ್ಲಿಯ ಮೇಲಧಿಕಾರಿಗಳೇ ಹೇಳಬೇಕು. ಅದನ್ನೂ ಕೇಳಿ ಬನ್ನಿರೆಂದು ಅವರಿಗೆ ಕಾಗದ ಬರೆದಿದ್ದೇನೆ. ಈ ಸಂಚಿಕೆಯ ಒಂದು ಪ್ರತಿಯನ್ನು ಮಗಳ ಕೈಯಲ್ಲಿ ಮನೆಗೆ ಕಳುಹಿಸುವೆನು.